ತಪ್ಪೊಪ್ಪಿದ ಮೇಲೂ ಅಪೀಲು ಉಂಟೇ?

“ಒಪ್ಪಿಕೊಂಡುಬಿಡು, ದಂಡ ಕಟ್ಟಿ ಮನೆಗೆ ಹೋಗು” ಎಂದು ಕುರ್ಲಾ, ಅಂಧೇರಿ ಕೋರ್ಟುಗಳ ಅಂಗಳದಲ್ಲಿ ಬುದ್ಧಿ ಹೇಳುವವರಿಗೆ ಬರವಿಲ್ಲ. ಒಪ್ಪಿದ ಮೇಲೆ ದಂಡದ ಬದಲು ಸಜೆಯಾದರೆ ನಮ್ಮವರು ಹಣೆಬರಹವೆಂದು ಸುಮ್ಮನಾಗುತ್ತಾರೆ. ಸುಮ್ಮನಾಗಬೇಕಾಗಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 416ನೆಯ ಕಲಮನ್ನು ನೋಡಿರಿ. ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿದವನು, ತಾನು ನಿರ್ದೋಷಿಯೆಂದು ಅಪೀಲು ಮಾಡುವಂತಿಲ್ಲ. ಆದರೆ ಶಿಕ್ಷೆ ಹೆಚ್ಚಾಯಿತು, ಅಥವಾ ಕಾಯಿದೆಗೆ ಮೀರಿತು ಎಂದು ಅಪೀಲು ಮಾಡಬಹುದು. 1973ರ ಸಂಹಿತೆಯಲ್ಲಿಯೂ ಹೀಗೆಯೇ ಇತ್ತು.

ಕಾಯಿದೆಗೆ ಮೀರುವುದೆಂದರೆ: ಮೊದಲನೆಯ ದರ್ಜೆಯ ಮ್ಯಾಜಿಸ್ಟ್ರೇಟರು ಒಂದು ಅಪರಾಧಕ್ಕೆ 3 ವರ್ಷಕ್ಕಿಂತ ಹೆಚ್ಚಿನ ಸಜೆ ಕೊಡಲಾರರು. ಶಿಕ್ಷೆ ಮಿತಿಯೊಳಗಿದ್ದರೂ ವಯಸ್ಸು, ಮೊದಲ ತಪ್ಪು, ಮನೆಯವರ ಅವಲಂಬನೆ ಇವುಗಳನ್ನು ಮುಂದಿಟ್ಟು ಕಡಿಮೆ ಮಾಡಲು ಕೇಳಬಹುದು. ಜೀವಾವಧಿ ಶಿಕ್ಷೆಯಿಲ್ಲದ ಅಪರಾಧದಲ್ಲಿ, 21 ತುಂಬದ ಹುಡುಗನನ್ನು ತಕ್ಕ ಕಾರಣವಿಲ್ಲದೆ ಸೆರೆಮನೆಗೆ ಕಳಿಸಬಾರದೆಂದು 1958ರ ಪ್ರೊಬೇಶನ್ ಕಾಯಿದೆಯೇ ಹೇಳುತ್ತದೆ.

ಅಪೀಲು ಹೋದರೆ ಶಿಕ್ಷೆ ಏರೀತೆಂಬ ಭಯ ಹಲವರಿಗೆ. ಅಪರಾಧಿಯ ಅಪೀಲಿನಲ್ಲಿ ಶಿಕ್ಷೆ ಏರಿಸುವಂತಿಲ್ಲ. ಅದಕ್ಕೆ ಸರಕಾರವೇ ಬೇರೆ ಅಪೀಲು ಮಾಡಬೇಕು. ಹಗುರ ಶಿಕ್ಷೆಯ ಆಸೆ ತೋರಿಸಿ ಒಪ್ಪಿಸಿ, ಆಮೇಲೆ ಮೇಲಿನ ಕೋರ್ಟಿನಲ್ಲಿ ಏರಿಸುವುದು ಸಂವಿಧಾನದ 21ನೆಯ ಅನುಚ್ಛೇದಕ್ಕೆ ವಿರುದ್ಧವೆಂದು, 1983ರ ವರದಿಗಳಲ್ಲಿ ಅಚ್ಚಾದ ಕರ್ನಾಟಕದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ನೆನಪಿಡತಕ್ಕ ಸಂಗತಿಗಳು:

1. ಅವಧಿ 30 ದಿನ. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳು ಇದರಲ್ಲಿ ಸೇರವು.

2. ಅಪೀಲು ಹೋಗುವುದು ಸೆಶನ್ಸ್ ಕೋರ್ಟಿಗೆ. ಮುಂಬಯಿಯಲ್ಲಿ ಅದು ಕೋಟೆ ಭಾಗದಲ್ಲಿದೆ, ಗೋರೆಗಾಂವಿನ ದಿಂಡೋಶಿಯಲ್ಲಿಯೂ ಇದೆ. ಜೈಲಿನಲ್ಲಿರುವವನು ಜೈಲಿನ ಅಧಿಕಾರಿಯ ಕೈಗೇ ಅರ್ಜಿ ಕೊಡಬಹುದು.

3. ಸಜೆಯಾದವನಿಗೆ ತೀರ್ಪಿನ ನಕಲು ಪುಕ್ಕಟೆ. ಸಾಧ್ಯವಿದ್ದಲ್ಲಿ ಅವನ ಭಾಷೆಯಲ್ಲಿ ಅನುವಾದವನ್ನೂ ಕೇಳಬಹುದು. ಕನ್ನಡದಲ್ಲಿ ಬೇಕೆಂದು ಕೇಳಲು ಸಂಕೋಚ ಬೇಡ.

4. ಬಂಧನದಲ್ಲಿರುವವರಿಗೂ ಹೆಂಗಸರಿಗೂ ಕೈಗಾರಿಕಾ ಕೆಲಸಗಾರರಿಗೂ 1987ರ ಕಾಯಿದೆಯಂತೆ ಪುಕ್ಕಟೆ ವಕೀಲರು ಸಿಗುತ್ತಾರೆ.

5. ಮ್ಯಾಜಿಸ್ಟ್ರೇಟರು ಬರೇ 100 ರೂಪಾಯಿಯೊಳಗಿನ ದಂಡ ಹಾಕಿದರೆ, ಸಂಕ್ಷಿಪ್ತ ವಿಚಾರಣೆಯಲ್ಲಿ 200ರೊಳಗಿದ್ದರೆ, ಅಪೀಲಿಲ್ಲ. ಫಿರ್ಯಾದಿಯೊಡನೆ ಲಿಖಿತ ಒಪ್ಪಂದವಾಗಿ ಬಂದ ತೀರ್ಪಿಗೂ ಸಾಮಾನ್ಯ ಅಪೀಲಿಲ್ಲ.

ಎಲ್ಲಕ್ಕೂ ಮೊದಲು, ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಓದಿದ ಆರೋಪ ತಿಳಿಯದಿದ್ದರೆ ತಲೆಯಾಡಿಸಬೇಡಿರಿ. ತಿಳಿಯಲಿಲ್ಲವೆಂದು ಗಟ್ಟಿಯಾಗಿ ಹೇಳಿರಿ. ಒಮ್ಮೆ ಒಪ್ಪಿದ ಮೇಲೆ ಉಳಿಯುವುದು ಶಿಕ್ಷೆಯ ಮಾತು ಮಾತ್ರ.