ಕೂತವನ ಬೆನ್ನೂ ದುಡಿಯುತ್ತದೆ

ಸಂಜೆ ಉಳುಮೆ ಮುಗಿಸಿದ ಟ್ರ್ಯಾಕ್ಟರ್ ಮನೆ ಮುಂದೆ ಬಂದು ನಿಲ್ಲುತ್ತದೆ. ಚಾಲಕ ಇಳಿದು ಸೊಂಟ ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ಯಾರಾದರೂ ಕರೆಯುತ್ತಾರೆ: "ಬೆಳಗಿಂದ ಕೂತೇ ಇದ್ದೀಯಲ್ಲಪ್ಪ, ಈ ಗೊಬ್ಬರದ ಮೂಟೆ ಒಂಚೂರು ಒಳಗಿಡು ಬಾ." ಕರೆದವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೆ ಕೂತು ಮಾಡುವ ಕೆಲಸದಲ್ಲಿ ಮೈಗೆ ದುಡಿಮೆಯಿಲ್ಲ ಎಂಬ ನಂಬಿಕೆ ಆ ಮಾತಿನಲ್ಲಿದೆ. ಅದು ಏಕೆ ಸರಿಯಲ್ಲ ಎಂಬುದನ್ನು ಮೊದಲಿನಿಂದ, ನಿಧಾನವಾಗಿ ನೋಡೋಣ.

ವಾಹನದ ಕುಲುಕಾಟವನ್ನು ವಿಜ್ಞಾನದಲ್ಲಿ ಕಂಪನ ಎನ್ನುತ್ತೇವೆ. ಅದನ್ನು ಅರಿಯಲು ಎರಡು ಸಂಗತಿ ಗೊತ್ತಿರಬೇಕು. ಮೊದಲನೆಯದು ಆವರ್ತನ: ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಕುಲುಕಿತು ಎಂಬ ಲೆಕ್ಕ. ಇದರ ಅಳತೆ ಹರ್ಟ್ಸ್. ಒಂದು ಸೆಕೆಂಡಿನೊಳಗೆ 'ತಕಧಿಮಿ' ಎಂದು ಹೇಳಿ ನೋಡಿ. ನಾಲ್ಕು ಅಕ್ಷರ, 4 ಹರ್ಟ್ಸ್. 'ತಕತಕಿಟ' ಎಂದರೆ 5 ಹರ್ಟ್ಸ್. ಎರಡನೆಯದು ಕುಲುಕಾಟದ ಬಿರುಸು. ಇದನ್ನು ವೇಗೋತ್ಕರ್ಷವಾಗಿ, ಮೀ/ಸೆ² ಎಂಬ ಮಾನದಲ್ಲಿ ಅಳೆಯುತ್ತಾರೆ. ಮೇಲಿನಿಂದ ಬೀಳುವ ಕಲ್ಲಿನ ವೇಗೋತ್ಕರ್ಷ ಸುಮಾರು 9.8 ಮೀ/ಸೆ² ಎಂಬುದು ನೆನಪಿದ್ದರೆ, ಮುಂದೆ ಬರುವ ಅಂಕಿಗಳ ಅಂದಾಜು ಸಿಗುತ್ತದೆ.

ಈಗ ಜೋಕಾಲಿಯನ್ನು ನೆನೆಯಿರಿ. ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಚಿಕ್ಕ ಮಗುವಿನ ಕೈಬಲವೂ ಅದನ್ನು ಎತ್ತರಕ್ಕೆ ಹಾರಿಸುತ್ತದೆ; ಲಯ ತಪ್ಪಿ ತಳ್ಳಿದರೆ ದೊಡ್ಡವರ ಬಲವೂ ವ್ಯರ್ಥ. ಇದೇ ಅನುರಣನ. ನಮ್ಮ ದೇಹಕ್ಕೂ ಅಂಥ ಲಯವುಂಟು. ಕೂತ ಮನುಷ್ಯನ ಮೈ ಮೇಲೆ ಕೆಳಗೆ ಕುಲುಕುವಾಗ ಆ ಲಯ ಬಹುಮಟ್ಟಿಗೆ 4ರಿಂದ 8 ಹರ್ಟ್ಸ್ ನಡುವೆ ಬರುತ್ತದೆ. ಆ ಲಯದಲ್ಲಿ ಸೀಟು ಕುಲುಕಿದ್ದಕ್ಕಿಂತ ಹೆಚ್ಚಾಗಿ ಬೆನ್ನು, ಹೊಟ್ಟೆ, ಭುಜ ಕುಲುಕುತ್ತವೆ. ನಮ್ಮ ದುರದೃಷ್ಟಕ್ಕೆ, ಏರುಪೇರಿನ ನೆಲದ ಮೇಲೆ ಓಡುವ ಟ್ರ್ಯಾಕ್ಟರ್, ಟಿಪ್ಪರ್, ಜೆಸಿಬಿಗಳು ಹುಟ್ಟಿಸುವ ಕುಲುಕಾಟದಲ್ಲಿ ಈ ನಿಧಾನ ಲಯಗಳದ್ದೇ ದೊಡ್ಡ ಪಾಲು. ಸಾಮಾನ್ಯ ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗೆ ಸ್ಪ್ರಿಂಗ್ ಇರುವುದಿಲ್ಲ. ಟೈರು ಮತ್ತು ಸೀಟು ತಡೆದಷ್ಟೇ ತಡೆ.

ತಡೆಯದೆ ಉಳಿದದ್ದನ್ನು ಬೆನ್ನು ತಾಳಿಕೊಳ್ಳಬೇಕು. ಬೆನ್ನೆಲುಬಿನ ಬಿಡಿ ಮೂಳೆಗಳ ನಡುವೆ ಡಿಸ್ಕ್ ಎಂಬ ಮೆತ್ತೆಗಳಿವೆ. ದೊಡ್ಡವರಾದ ಮೇಲೆ ಅವುಗಳೊಳಗೆ ರಕ್ತನಾಳ ಇರುವುದಿಲ್ಲವೆಂದೇ ಹೇಳಬಹುದು; ಸುತ್ತಲಿನಿಂದ ಜಿನುಗಿ ಬಂದದ್ದೇ ಅವುಗಳ ಆಹಾರ. ಭಾರ ಬಿದ್ದಾಗ ನೀರು ಬಿಟ್ಟು ಕುಗ್ಗುತ್ತವೆ, ಮಲಗಿದಾಗ ಮತ್ತೆ ಹೀರಿಕೊಳ್ಳುತ್ತವೆ. ಗಂಟೆಗಟ್ಟಲೆ ಕೂತು ಕುಲುಕುವವರ ಡಿಸ್ಕಿಗೆ ಈ ವಿರಾಮ ಸಿಗುವುದಿಲ್ಲ. ಇತ್ತ ಬೆನ್ನಿನ ಸ್ನಾಯುಗಳು ಮೈಯನ್ನು ಸ್ಥಿರವಾಗಿಡಲು ಪ್ರತಿ ಕುಲುಕಿಗೂ ಬಿಗಿಯುತ್ತವೆ. ಕುಲುಕು ವೇಗವಾದಾಗ ಆ ಬಿಗಿತ ಕ್ಷಣ ತಡವಾಗಿ ಬಂದು, ನೆರವಾಗುವ ಬದಲು ಮೂಳೆಯ ಮೇಲೆ ಇನ್ನಷ್ಟು ಹೊರೆ ಹಾಕುವುದೂ ಉಂಟು. ಬಸ್ಸು, ಲಾರಿ, ಟ್ರ್ಯಾಕ್ಟರ್ ಚಾಲಕರಲ್ಲಿ ಸೊಂಟನೋವು ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ಕಂಡಿವೆ. ಎಲ್ಲಕ್ಕೂ ಕಂಪನವೊಂದೇ ಕಾರಣವಲ್ಲ. ನೇಗಿಲು ನೋಡಲು ಪದೇ ಪದೇ ಹಿಂದಕ್ಕೆ ತಿರುಚಿ ಕೂರುವುದು, ಭಾರ ಎತ್ತುವುದು, ವಿರಾಮವಿಲ್ಲದಿರುವುದು, ಎಲ್ಲವೂ ಅದರ ಜೊತೆ ಸೇರುತ್ತವೆ.

ಕೆಲಸದ ಚುರುಕಿಗೂ ಪೆಟ್ಟು ಬೀಳುತ್ತದೆ. ತಲೆ ಅದುರಿದಾಗ ಮೀಟರಿನ ಅಂಕಿ ಕಣ್ಣಿಗೆ ಮಸುಕಾಗುತ್ತದೆ. ಕೈ ಅದುರಿದಾಗ ಲಿವರ್ ಅಂದುಕೊಂಡಲ್ಲಿ ನಿಲ್ಲುವುದಿಲ್ಲ. ಹದವಾದ, ಒಂದೇ ಸಮನೆಯ ಕುಲುಕಾಟ ತೊಟ್ಟಿಲು ತೂಗಿದಂತೆ ತೂಕಡಿಕೆ ತರುತ್ತದೆ. ರಸ್ತೆಯ ಮೇಲೆ ಇದು ಸೊಂಟನೋವಿಗಿಂತ ದೊಡ್ಡ ಅಪಾಯ. ಪವರ್ ಟಿಲ್ಲರ್ ಹಿಡಿಯುವವರ ತೊಂದರೆ ಬೇರೆ. ಅಲ್ಲಿ ಹಿಡಿಕೆಯ ವೇಗದ ಕಂಪನ ಬೆರಳಿನ ನರ, ರಕ್ತನಾಳಗಳನ್ನು ಕೆಡಿಸಿ ಜೋಮು ಹಿಡಿಸುತ್ತದೆ. ಅಮೆರಿಕದ ಇಂಡಿಯಾನದ ಕಲ್ಲುಗಣಿಗಳಲ್ಲಿ ಕೊರೆಯುವ ಯಂತ್ರ ಹಿಡಿದವರ ಬೆರಳು ಚಳಿಯಲ್ಲಿ ಬಿಳುಚುವುದನ್ನು ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲೇ ವಿವರಿಸಿದ್ದರು.

ಹಾಗಾದರೆ ಎಷ್ಟು ಕುಲುಕಾಟ ಹೆಚ್ಚಾಯಿತು? ಅಳೆಯುವ ವಿಧಾನವನ್ನು ಐಎಸ್‌ಒ 2631 ಎಂಬ ಅಂತರರಾಷ್ಟ್ರೀಯ ಮಾನಕ ಹೇಳುತ್ತದೆ. ಯುರೋಪಿಯನ್ ಒಕ್ಕೂಟ 2002ರಲ್ಲಿ ಎರಡು ಗೆರೆ ಎಳೆಯಿತು. ಇಡೀ ಮೈಗೆ ತಗಲುವ ಕಂಪನ 8 ಗಂಟೆಯ ಲೆಕ್ಕದಲ್ಲಿ 0.5 ಮೀ/ಸೆ² ದಾಟಿದರೆ ಮಾಲೀಕ ಅದನ್ನು ತಗ್ಗಿಸುವ ಕ್ರಮ ಕೈಗೊಳ್ಳಬೇಕು, 1.15 ದಾಟಲೇಬಾರದು. ಇಲ್ಲೊಂದು ಸೂಕ್ಷ್ಮವಿದೆ. 0.5ರ ಬಿರುಸಿನಲ್ಲಿ 8 ಗಂಟೆ ಕೂತರೆ ಮೊದಲ ಗೆರೆ ಮುಟ್ಟುತ್ತೇವೆ. ಬಿರುಸು ಎರಡರಷ್ಟಾಗಿ 1.0 ಆದರೆ 4 ಗಂಟೆಯಲ್ಲ, 2 ಗಂಟೆಗೇ ಆ ಗೆರೆ ಬರುತ್ತದೆ. ಬಿರುಸು ದುಪ್ಪಟ್ಟಾದರೆ ಸಮಯ ಕಾಲುಭಾಗಕ್ಕಿಳಿಯುತ್ತದೆ.

ಪರಿಹಾರದ ದಾರಿಯೂ ಈ ಲೆಕ್ಕದಲ್ಲೇ ಇದೆ: ಗಂಟೆ ಕಡಿಮೆ ಮಾಡುವುದರ ಜೊತೆಗೆ ಬಿರುಸನ್ನೂ ತಗ್ಗಿಸಿ. ಗುಂಡಿ ಬಿದ್ದ ದಾರಿಯಲ್ಲಿ ವೇಗ ಇಳಿಸುವುದಕ್ಕೆ ಕಾಸೂ ಖರ್ಚಿಲ್ಲ. ದಿನವೂ ಓಡಾಡುವ ಹೊಲದ ದಾರಿಯ ಗುಂಡಿ ಮುಚ್ಚಿ. ಟೈರಿನ ಗಾಳಿ ಕೈಪಿಡಿ ಹೇಳಿದಷ್ಟೇ ಇರಲಿ. ಸೀಟಿನ ವಿಷಯದಲ್ಲಿ ಮೋಸ ಹೋಗಬೇಡಿ. ದಪ್ಪ ಸ್ಪಂಜು ಹಾಕಿದರೆ ಕೂರಲು ಸುಖ, ಆದರೆ ಅದು ಸುಮಾರು 4 ಹರ್ಟ್ಸ್ ಬಳಿ ಕುಲುಕನ್ನು ಹೆಚ್ಚಿಸಿಬಿಡಬಲ್ಲದು. ಸ್ಪ್ರಿಂಗ್ ಸೀಟಿದ್ದರೆ ತೂಕ ಹೊಂದಿಸುವ ತಿರುಪನ್ನು ಹುಡುಕಿ, ಕೂರುವವರ ತೂಕಕ್ಕೆ ಸರಿಯಾಗಿ ತಿರುಗಿಸಿ. 90 ಕಿಲೋ ತೂಗುವವರಿಗೆ ಹೊಂದಿಸಿದ ಸೀಟು 55 ಕಿಲೋದವರಿಗೆ ಹಲಗೆಯಷ್ಟೇ ಗಡುಸು. ಗಂಟೆಗೊಮ್ಮೆಯಾದರೂ ಇಳಿದು ನಾಲ್ಕು ಹೆಜ್ಜೆ ನಡೆಯಿರಿ.

ಇನ್ನು ಆ ಗೊಬ್ಬರದ ಮೂಟೆ. ದಿನವಿಡೀ ಕುಲುಕಿ ದಣಿದ ಸ್ನಾಯು ಹಠಾತ್ ಭಾರಕ್ಕೆ ತಡವಾಗಿ ಓಗೊಡುತ್ತದೆ. ಆ ಹೊತ್ತಿಗೆ ಬಗ್ಗಿ ಎತ್ತಿದರೆ ಹೊರೆಯೆಲ್ಲ ಡಿಸ್ಕಿನ ಮೇಲೆ. ಆದ್ದರಿಂದ ಟ್ರ್ಯಾಕ್ಟರ್ ಇಳಿದವರನ್ನು ಮೊದಲು ಅಂಗಳದಲ್ಲಿ ಸ್ವಲ್ಪ ಹೊತ್ತು ನಡೆದಾಡಲು ಬಿಡಿ, ಒಂದು ಲೋಟ ನೀರು ಕೊಡಿ. ಮೂಟೆ ಅಲ್ಲಿಯವರೆಗೆ ಹೊರಗೇ ಇರಲಿ. ಎತ್ತುವಾಗ ಇನ್ನೊಬ್ಬರೂ ಕೈ ಹಾಕಲಿ.