ಗಿಡ ಏರುವವನ ಕೈಗೆ ಯಾವ ಗರಗಸ?

ತೊಗರಿ ರಾಶಿ ಮುಗಿದ ಮೇಲೆ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹೊಲಗಳಲ್ಲಿ ಒಡ್ಡಿನ ಗಿಡಗಳ ಕೆಲಸ ಶುರುವಾಗುತ್ತದೆ. ಬೇವಿನ ಟೊಂಗೆ ಹೊಲದೊಳಗೆ ಚಾಚಿಕೊಂಡು, ನೆರಳು ಬಿದ್ದ ಸಾಲಿನ ತೊಗರಿ ಸೊರಗಿರುತ್ತದೆ. ಜಾಲಿಯ ಮುಳ್ಳು ಟ್ರ್ಯಾಕ್ಟರ್ ಟೈರಿಗೆ ಕಾಟ ಕೊಡುತ್ತದೆ. ಹುಣಸೆಯ ಒಣಗಿದ ಟೊಂಗೆ ದನ ಕಟ್ಟುವ ಜಾಗದ ಮೇಲೇ ತೂಗುತ್ತಿರುತ್ತದೆ. ಕೊಡಲಿ ಹಿಡಿದು ಗಿಡ ಏರುವವರು ಊರಲ್ಲಿ ಕಡಿಮೆಯಾದಂತೆ ಚೈನ್ ಸಾ ಕೇಳುವವರು ಹೆಚ್ಚಾಗಿದ್ದಾರೆ. ಅದರಲ್ಲೂ ಹಿಡಿಕೆ ಮೇಲೆಯೇ ಇರುವ ಸಣ್ಣ ಯಂತ್ರ ಹಗುರ, ಗಿಡ್ಡ, ನೋಡಲು ಸುಲಭ ಎಂದು ಅದನ್ನೇ ಕೊಳ್ಳಲು ಮುಂದಾಗುವ ರೈತರಿದ್ದಾರೆ. ಅವರಿಗೆ ಮೊದಲು ಒಂದು ಮಾತು: ನೀವು ನೆಲದ ಮೇಲೆ ನಿಂತು ಕೊಯ್ಯುವವರಾದರೆ ಈ ಯಂತ್ರ ನಿಮಗಲ್ಲ.

ಹಿಂದೆ ಹಿಡಿಕೆ ಇರುವ ಸಾಮಾನ್ಯ ಗರಗಸದಲ್ಲಿ ಎರಡು ಕೈಗಳ ನಡುವೆ ಸಾಕಷ್ಟು ಅಂತರವಿರುತ್ತದೆ. ಬಾರ್‌ನ ಮೂತಿ ಎಲ್ಲಾದರೂ ತಾಗಿ ಯಂತ್ರ ಹಿಂದಕ್ಕೆ ಸಿಡಿದರೆ ಆ ಅಂತರವೇ ಅದನ್ನು ತಡೆಯುವ ಬಲ ಕೊಡುತ್ತದೆ. ಮೇಲ್‌ಹಿಡಿಕೆಯ ಗರಗಸದಲ್ಲಿ ಎರಡು ಹಿಡಿಕೆಗಳೂ ಹತ್ತಿರ ಹತ್ತಿರ ಇರುವುದರಿಂದ ಸಿಡಿತ ತಡೆಯುವುದು ಕಷ್ಟ. ಗಿಡದ ಮೇಲೆ ಹಗ್ಗ ಕಟ್ಟಿಕೊಂಡು, ಟೊಂಗೆಗಳ ಇಕ್ಕಟ್ಟಿನಲ್ಲಿ ಕೆಲಸ ಮಾಡುವ ತರಬೇತಿ ಪಡೆದವನಿಗಾಗಿ ಮಾತ್ರ ಈ ಕೊರತೆಯನ್ನು ಒಪ್ಪಿಕೊಂಡು ಇದನ್ನು ರೂಪಿಸಿದ್ದಾರೆ. ಐಎಸ್ಒ 11681ರ ಎರಡನೇ ಭಾಗ ಇಂಥ ಯಂತ್ರಗಳಿಗೆಂದೇ ಇರುವ ಮಾನದಂಡ. ಬಾರ್, ಚೈನ್ ಬಿಟ್ಟು, ಟ್ಯಾಂಕ್ ಖಾಲಿ ಇದ್ದಾಗ ತೂಕ 4.3 ಕಿಲೋ ಮೀರಬಾರದು ಎಂಬ ಮಿತಿಯೂ ಅದರಲ್ಲಿದೆ.

ಹಗುರ ಎಂಬುದೇ ಇದರ ಅಪಾಯ. ಬಲಗೈಯಲ್ಲಿ ಯಂತ್ರ ಹಿಡಿದು ಎಡಗೈಯಿಂದ ಟೊಂಗೆ ಹಿಡಿದುಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಆದ್ದರಿಂದಲೇ ಈ ಗರಗಸದ ಗಾಯಗಳು ಎಡಗೈ, ಎಡತೋಳಿನ ಮೇಲೆ ಹೆಚ್ಚು. ಒಂದೇ ಕೈಯಲ್ಲಿ ಕೊಯ್ಯುವಂತಿಲ್ಲ, ಯಾವ ಕಂಪನಿಯ ಯಂತ್ರವಾದರೂ ಸರಿ. ನೆಲದಿಂದ ಎಟುಕುವ ಟೊಂಗೆಗೆ ಹಿಂದೆ ಹಿಡಿಕೆಯ ಸಣ್ಣ ಗರಗಸ, ಎಟುಕದ್ದಕ್ಕೆ ಉದ್ದ ಕೋಲಿನ ತುದಿಯಲ್ಲಿ ಚೈನ್ ಇರುವ ಗರಗಸ ಸಾಕು. ನಮ್ಮ ಒಡ್ಡಿನ ಬೇವುಗಳ ಬಹುಪಾಲು ಕೆಲಸವನ್ನು ಈ ಎರಡರಿಂದಲೇ ಮಾಡಬಹುದು. ಹಳೆಯ ಹುಣಸೆ, ಮನೆ ಪಕ್ಕದ ದೊಡ್ಡ ಬೇವು, ಬಾವಿಯ ಮೇಲೆ ಬಾಗಿದ ಆಲ, ಇಂಥ ಕಡೆ ಮಾತ್ರ ಏರಿಯೇ ಕೊಯ್ಯಬೇಕಾಗುತ್ತದೆ.

ತೂಕ ನೋಡುವ ಬಗೆ

ಅಂಗಡಿಯಲ್ಲಿ ಕೊಡುವ ಚೀಟಿಯಲ್ಲಿ ಬರೆದ ತೂಕ ಬರೀ ಎಂಜಿನ್ನಿನದು. ಬಾರ್, ಚೈನ್, ಪೆಟ್ರೋಲ್, ಚೈನ್ ಎಣ್ಣೆ ಸೇರಿದರೆ ಸುಮಾರು ಒಂದು ಕಿಲೋ ಹೆಚ್ಚುತ್ತದೆ. ಅರ್ಧ ದಿನ ಭುಜದ ಮಟ್ಟದಲ್ಲಿ ಎತ್ತಿ ಹಿಡಿಯುವ ಯಂತ್ರಕ್ಕೆ ಆ ಒಂದು ಕಿಲೋ ಬಹಳ. ಹಾಗಾಗಿ ಹೋಲಿಸುವಾಗ ಸಿಸಿಯಿಂದ ಶುರು ಮಾಡಬೇಡಿ, ತೂಕದಿಂದ ಶುರು ಮಾಡಿ.

ಹಗುರ ಗುಂಪಿನಲ್ಲಿ ಎಕೋ ಸಿಎಸ್-2511 ಟಿಇಎಸ್ 25 ಸಿಸಿಯದು, 2.3 ಕಿಲೋ. ಸ್ಟಿಲ್ ಎಂಎಸ್ 151 ಟಿಸಿ-ಇ 23.6 ಸಿಸಿ, 1.1 ಕಿಲೋವ್ಯಾಟ್, 2.6 ಕಿಲೋ. ಬಲದ ಗುಂಪಿನಲ್ಲಿ ಹಸ್ಕ್‌ವರ್ನಾ ಟಿ435 ಇದೆ: 35.2 ಸಿಸಿ, 1.5 ಕಿಲೋವ್ಯಾಟ್, 3.4 ಕಿಲೋ. ಸ್ಟಿಲ್ ಎಂಎಸ್ 201 ಟಿಸಿ-ಎಂ ಕೂಡ 35.2 ಸಿಸಿಯದೇ, ಆದರೆ ಬಲ 1.8 ಕಿಲೋವ್ಯಾಟ್, ತೂಕ 3.7 ಕಿಲೋ. ಸಿಸಿ ಒಂದೇ ಇದ್ದರೂ ಬಲ ಒಂದೇ ಇರುವುದಿಲ್ಲ ಎಂಬುದು ಈ ಎರಡನ್ನು ಪಕ್ಕದಲ್ಲಿಟ್ಟರೆ ಕಾಣುತ್ತದೆ. ಎಂಎಸ್ 201ರಲ್ಲಿ ಗಾಳಿ-ಇಂಧನದ ಪ್ರಮಾಣವನ್ನು ಯಂತ್ರ ತಾನೇ ಹೊಂದಿಸಿಕೊಳ್ಳುತ್ತದೆ. ಇದು ಒಳ್ಳೆಯ ಅನುಕೂಲ, ಆದರೆ ಕೆಟ್ಟರೆ ಸಾಮಾನ್ಯ ಮೆಕ್ಯಾನಿಕ್ ಕೈಯಲ್ಲಿ ಸರಿಯಾಗುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಬೇವು, ಮಾವು, ಹೊಂಗೆಯ ತೋಳು ಗಾತ್ರದ ಟೊಂಗೆ ಸವರುವುದೇ ಮುಖ್ಯ ಕೆಲಸವಾದರೆ 25 ಸಿಸಿ ಗುಂಪಿನ ಯಂತ್ರ, 25 ಸೆಂಟಿಮೀಟರ್ ಬಾರ್ ಧಾರಾಳವಾಯಿತು. ಒಣಗಿದ ಜಾಲಿ ಮತ್ತು ಹುಣಸೆಯ ಗಟ್ಟಿ ಕಟ್ಟಿಗೆಗೆ ಸಣ್ಣ ಎಂಜಿನ್ ಹೆಣಗುತ್ತದೆ. ಅಲ್ಲಿ 35 ಸಿಸಿ ಗುಂಪು, 30 ಸೆಂಟಿಮೀಟರ್ ಬಾರ್ ಬೇಕು. ಅದಕ್ಕಿಂತ ಉದ್ದದ ಬಾರ್ ಹಾಕಿಸಿಕೊಳ್ಳಬೇಡಿ. ಉದ್ದವಾದಷ್ಟೂ ಮೂತಿ ಭಾರವಾಗುತ್ತದೆ, ಕಣ್ಣಿಗೆ ಕಾಣದ ಹಿಂದಿನ ಟೊಂಗೆಗೆ ತಾಗಿ ಸಿಡಿಯುವುದೂ ಹೆಚ್ಚುತ್ತದೆ.

ಬ್ಯಾಟರಿ ಯಂತ್ರಗಳೂ ಈಗ ಕಡೆಗಣಿಸುವಂತಿಲ್ಲ. ಸ್ಟಿಲ್ ಎಂಎಸ್ಎ 161 ಟಿ ಬ್ಯಾಟರಿ ಬಿಟ್ಟು 2.1 ಕಿಲೋ, ಹಸ್ಕ್‌ವರ್ನಾ ಟಿ535ಐ ಎಕ್ಸ್‌ಪಿ 2.4 ಕಿಲೋ. ಗಿಡದ ಮೇಲೆ ಹಗ್ಗ ಎಳೆದು ಸ್ಟಾರ್ಟ್ ಮಾಡುವ ತಾಪತ್ರಯವಿಲ್ಲ. ಕೊಯ್ಯುವುದು ನಿಲ್ಲಿಸಿದರೆ ಸದ್ದೂ ನಿಲ್ಲುತ್ತದೆ, ಕೆಳಗೆ ನಿಂತವನ ಕೂಗು ಮೇಲಿನವನಿಗೆ ಕೇಳಿಸುತ್ತದೆ. ಇದೇ ಅದರ ದೊಡ್ಡ ಗುಣ ಎಂದು ನಾನು ನಂಬಿದ್ದೇನೆ. ಆದರೆ ಎರಡನೇ ಬ್ಯಾಟರಿ ಇಲ್ಲದೆ ಕೊಂಡರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಬ್ಯಾಟರಿಯ ಬೆಲೆಯೂ ಕಡಿಮೆಯಲ್ಲ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಬಿಟ್ಟ ಬ್ಯಾಟರಿ ಕಾದು ಯಂತ್ರ ತಾನಾಗಿ ನಿಲ್ಲಬಹುದು. ನೆರಳಲ್ಲಿಡಿ, ಬಿಸಿಯಿರುವಾಗಲೇ ಚಾರ್ಜಿಗೆ ಹಾಕಬೇಡಿ.

ಆನ್‌ಲೈನ್‌ನಲ್ಲಿ ಸಿಗುವ ನಾಲ್ಕು, ಆರು ಇಂಚಿನ ಒಂಟಿಕೈ ಬ್ಯಾಟರಿ ಗರಗಸ ಬೇರೆಯೇ ವಸ್ತು. ದಾಳಿಂಬೆ, ನಿಂಬೆಯ ಸಣ್ಣ ಟೊಂಗೆ ಸವರಲು ನೆಲದ ಮೇಲೆ ಬಳಸಬಹುದು. ಬಹಳಷ್ಟರಲ್ಲಿ ಚೈನ್ ಬ್ರೇಕ್ ಇಲ್ಲದಿರುವುದರಿಂದ ಗಿಡದ ಮೇಲೆ ಒಯ್ಯಬೇಡಿ. ಹೆಸರಾಂತ ಕಂಪನಿಯ ಮಾದರಿಯನ್ನೇ ಹೋಲುವ ಅಗ್ಗದ ಪೆಟ್ರೋಲ್ ಯಂತ್ರಗಳಲ್ಲಿ ಬ್ರೇಕ್ ಇರುತ್ತದೆ, ಅದು ಹಿಡಿಯುತ್ತದೆಯೇ ಎಂದು ಅಂಗಡಿಯಲ್ಲೇ ಎಂಜಿನ್ ಓಡಿಸಿ ನೋಡಿ. ಮುಂದಿನ ತಡೆಯನ್ನು ಒತ್ತಿದ ಕೂಡಲೇ ಚೈನ್ ನಿಲ್ಲಬೇಕು. ತಡವಾಗಿ ನಿಂತರೆ ಯಂತ್ರ ವಾಪಸು ಕೊಡಿ.

ಚೈನ್ ಮೊಂಡಾಗುವುದು

ವಾಡಿ, ಶಹಾಬಾದ್, ಮಳಖೇಡ ಸುತ್ತ ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿ, ಲಾರಿ ಓಡಾಡುವ ದಾರಿ. ಹಾದಿ ಬದಿಯ ಗಿಡದ ತೊಗಟೆಯ ಬಿರುಕುಗಳಲ್ಲಿ ಧೂಳು, ಮಣ್ಣು ಕೂತಿರುತ್ತದೆ. ಅಂಥ ಗಿಡದಲ್ಲಿ ಚೈನ್ ಬೇಗ ಮೊಂಡಾಗುತ್ತದೆ. ಕೊಯ್ಯುವ ಜಾಗವನ್ನು ಗಟ್ಟಿ ಬ್ರಷ್‌ನಿಂದ ಉಜ್ಜಿಕೊಂಡರೆ ಎಷ್ಟೋ ವಾಸಿ. ಒಡ್ಡಿನ ಗಿಡಗಳಿಗೆ ಬೇಲಿ ತಂತಿ ಸುತ್ತಿ, ಮೊಳೆ ಬಡಿದು ವರ್ಷಗಟ್ಟಲೆಯಾಗಿ ಅದು ಕಟ್ಟಿಗೆಯೊಳಗೇ ಸೇರಿಹೋಗಿರುತ್ತದೆ. ಗಿಡದ ಮಾಲೀಕನನ್ನು ಕೇಳಿಯೇ ಕೈ ಹಾಕಿ. ಪುಡಿಯ ಬದಲು ಹಿಟ್ಟಿನಂಥ ನುಣುಪು ಬರತೊಡಗಿದರೆ ಚೈನ್ ಮೊಂಡಾಗಿದೆ ಎಂದರ್ಥ. ಒತ್ತಿ ಕೊಯ್ಯಬೇಡಿ, ಕೆಳಗಿಳಿದು ಮಸೆಯಿರಿ. ಮೇಲ್‌ಹಿಡಿಕೆ ಯಂತ್ರಗಳಲ್ಲಿ ಸಾಮಾನ್ಯವಾದ 3/8 ಇಂಚಿನ ತಗ್ಗು ಹಲ್ಲಿನ ಚೈನಿಗೆ 4 ಮಿಲಿಮೀಟರ್ ದುಂಡು ಅರ, ಕಾಲು ಇಂಚಿನ ಸಣ್ಣ ಚೈನಿಗೆ 3.2 ಮಿಲಿಮೀಟರ್ ಅರ ಬೇಕು. ಯಂತ್ರ ಕೊಳ್ಳುವಾಗಲೇ ಅದೇ ಅಳತೆಯ ಅರ, ಒಂದು ಹೆಚ್ಚುವರಿ ಚೈನ್ ಕೊಂಡುಬಿಡಿ.

ಪೆಟ್ರೋಲಿಗೆ ಟೂ-ಸ್ಟ್ರೋಕ್ ಎಣ್ಣೆ ಎಷ್ಟು ಎಂಬುದು ಯಂತ್ರದ ಪುಸ್ತಕದಲ್ಲಿರುತ್ತದೆ. 50:1 ಎಂದರೆ ಲೀಟರಿಗೆ 20 ಮಿಲಿ, 25:1 ಎಂದರೆ 40 ಮಿಲಿ. ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲ್. ಅದು ತೇವ ಹೀರುತ್ತದೆ, ರಬ್ಬರ್ ಭಾಗಗಳನ್ನು ಕೆಡಿಸುತ್ತದೆ. ವಾರಕ್ಕೆ ಬೇಕಾದಷ್ಟೇ ಬೆರೆಸಿ, ಕೆಲಸ ಮುಗಿದ ಹಂಗಾಮಿನಲ್ಲಿ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಚೈನಿಗೆ ಟ್ರ್ಯಾಕ್ಟರಿನ ಹಳೆ ಎಂಜಿನ್ ಆಯಿಲ್ ಹಾಕುವ ರೂಢಿ ಬಿಡಬೇಕು. ಅದರೊಳಗಿನ ಲೋಹದ ಪುಡಿ ಎಣ್ಣೆಯ ಪಂಪನ್ನು ತಿನ್ನುತ್ತದೆ.

ಏರುವ ಮುನ್ನ

30 ಸೆಂಟಿಮೀಟರ್ ದಪ್ಪ, 2 ಮೀಟರ್ ಉದ್ದದ ಹಸಿ ಟೊಂಗೆ ಸುಮಾರು 140 ಕಿಲೋ ತೂಗುತ್ತದೆ. ಅದು ಬಿದ್ದ ಮೇಲೆ ಕೂಗಿ ಪ್ರಯೋಜನವಿಲ್ಲ. ಟೊಂಗೆ ಬೀಳುವ ದಿಕ್ಕು, ಅದನ್ನು ಹಗ್ಗದಿಂದ ಇಳಿಸಬೇಕೇ ಎಂಬುದನ್ನು ನೆಲದ ಮೇಲೆ ನಿಂತಾಗಲೇ ಗೊತ್ತು ಮಾಡಿಕೊಳ್ಳಿ. ಏರಿದವನ ಸೊಂಟದಲ್ಲಿ ಹಾರ್ನೆಸ್ ಇರಬೇಕು, ಕೊಯ್ಯುವಾಗ ಎರಡು ಕಡೆ ಕಟ್ಟಿಕೊಂಡಿರಬೇಕು. ಒಂದು ಹಗ್ಗದೊಳಗಾದರೂ ಉಕ್ಕಿನ ತಂತಿ ಇದ್ದರೆ ಕೈ ತಪ್ಪಿ ಗರಗಸ ತಾಗಿದರೂ ಒಮ್ಮೆಗೇ ತುಂಡಾಗದು. ಯಂತ್ರವನ್ನು ನೆಲದ ಮೇಲೆ ಸ್ಟಾರ್ಟ್ ಮಾಡಿ, ಬಿಸಿ ಮಾಡಿ, ಆರಿಸಿ, ಬ್ರೇಕ್ ಹಾಕಿ ಮೇಲಕ್ಕೆ ಕಳಿಸಿ. ಕಣ್ಣಿನ ಕನ್ನಡಕ, ಹೆಲ್ಮೆಟ್, ಕಿವಿಯ ರಕ್ಷಣೆ ಇಲ್ಲದೆ ಏರಬೇಡಿ.

ದಪ್ಪ ಟೊಂಗೆಯನ್ನು ಮೂರು ಸಲ ಕೊಯ್ಯಿರಿ. ಮೊದಲು ಕೆಳಗಿನಿಂದ ಕಾಲು ಭಾಗ, ಆಮೇಲೆ ಅದಕ್ಕಿಂತ ಕೊಂಚ ಹೊರಗೆ ಮೇಲಿನಿಂದ. ಟೊಂಗೆ ಸಿಗಿಯದೆ ಕಳಚುತ್ತದೆ. ಉಳಿದ ಮೋಟನ್ನು ಬುಡದ ಉಬ್ಬಿನ ಹೊರಗೆ ಕೊಯ್ಯಿರಿ. ಆ ಉಬ್ಬಿನಿಂದಲೇ ಗಾಯ ಮುಚ್ಚುತ್ತದೆ. ಮಾವಿನಲ್ಲಿ ದೊಡ್ಡ ಗಾಯಕ್ಕೆ ಬೋರ್ಡೋ ಮುಲಾಮು ಬಳಿಯಿರಿ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 10 ಲೀಟರ್ ನೀರು.

ತಂತಿಯ ಹತ್ತಿರದ ಗಿಡಕ್ಕೆ ಯಾವ ಗರಗಸವೂ ಬೇಡ. ಹಸಿ ಟೊಂಗೆ ವಿದ್ಯುತ್ತನ್ನು ಹಾಯಿಸುತ್ತದೆ, 11 ಕೆವಿ ಮಾರ್ಗಕ್ಕೆ ತಾಗಿದರೆ ಏರಿದವನು ಉಳಿಯುವುದಿಲ್ಲ. ಜೆಸ್ಕಾಂ ಕಚೇರಿಗೆ ಅರ್ಜಿ ಕೊಟ್ಟು, ಲೈನ್‌ಮನ್ ಎಲ್‌ಸಿ (ಲೈನ್ ಕ್ಲಿಯರ್) ತೆಗೆದುಕೊಂಡು ಎದುರಿಗೆ ನಿಂತ ಮೇಲೆಯೇ ಕೆಲಸ.

ಹೊಲ ನಿಮ್ಮದಾದರೂ ಗಿಡಕ್ಕೆ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ನೀಲಗಿರಿ, ಸುಬಾಬುಲ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಬೇವು, ಹುಣಸೆಯ ದೊಡ್ಡ ಟೊಂಗೆಗಳಿಗೆ ಕೈ ಹಾಕುವ ಮುನ್ನ ವಲಯ ಅರಣ್ಯ ಅಧಿಕಾರಿ ಕಚೇರಿಯಲ್ಲಿ ಕೇಳಿಕೊಳ್ಳಿ. ಚಿಂಚೋಳಿಯಲ್ಲಿ 2011ರಲ್ಲಿ ಘೋಷಣೆಯಾದ ವನ್ಯಜೀವಿಧಾಮದ ಅಂಚಿನ ರೈತರು ಗಡಿ ಎಲ್ಲಿದೆ ಎಂದು ತಿಳಿದುಕೊಂಡೇ ಯಂತ್ರ ಹೊರಡಿಸಬೇಕು.

ವರ್ಷಕ್ಕೆ ಹತ್ತಾರು ಗಿಡದ ಕೆಲಸವೂ ಇಲ್ಲದವರು ಕೊಳ್ಳುವುದಕ್ಕಿಂತ, ನಾಲ್ಕೈದು ಊರಿಗೆ ಒಬ್ಬ ನುರಿತ ಏರುವವನನ್ನು ಕೂಲಿಗೆ ಕರೆಸುವುದೇ ಮೇಲು. ಕೊಳ್ಳಲೇಬೇಕೆಂದರೆ, ಕಲಬುರಗಿಯಲ್ಲಿ ಆ ಕಂಪನಿಯ ರಿಪೇರಿ ಸಿಗುತ್ತದೆಯೇ, ಚೈನ್, ಬಾರ್, ಕ್ಲಚ್ ಸ್ಟಾಕ್ ಇರುತ್ತದೆಯೇ ಎಂದು ಮೊದಲು ಕೇಳಿ. ಸಹಾಯಧನ ಇದೆಯೇ ಎಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಪಟ್ಟಿ ವರ್ಷ ವರ್ಷ ಬದಲಾಗುತ್ತಿರುತ್ತದೆ. ಹಣ ಉಳಿದರೆ ಅದರಲ್ಲಿ ಮೊದಲು ಹಾರ್ನೆಸ್ ಮತ್ತು ಹೆಲ್ಮೆಟ್ ಕೊಳ್ಳಿ.