ಬಾಗುವ ಕೊಳವೆ ಮತ್ತು ಮನೆಯ ನೀರು

ಮನೆಯ ನೀರಿನ ಕೊಳವೆಯೆಂದೊಡನೆ ಬಹುಕಾಲ ನಮ್ಮ ಕಣ್ಣೆದುರಿಗೆ ಬರುತ್ತಿದ್ದುದು ಸತುವು ಲೇಪಿಸಿದ ಕಬ್ಬಿಣದ ಕೊಳವೆ. ಅದಕ್ಕೆ ನೇರವಾಗಿ ಹೋಗುವುದಷ್ಟೇ ಗೊತ್ತು. ಮೂಲೆ ಬಂದಲ್ಲೆಲ್ಲ ಅದನ್ನು ಕತ್ತರಿಸಿ, ತುದಿಗೆ ತಿರುಪು ಕೊರೆದು, ನಾರು ಸುತ್ತಿ, ಎಲ್ಬೋ ಬಿಗಿಯಬೇಕು. ಕೀಲುಗಳು ಹೆಚ್ಚಿದಷ್ಟೂ ಸೋರುವ ಸ್ಥಳಗಳು ಹೆಚ್ಚುತ್ತವೆ. ಕಾಲಕ್ರಮದಲ್ಲಿ ಸತುವು ಸವೆದು ತುಕ್ಕು ಹಿಡಿಯುತ್ತದೆ. ಕೊಳವೆಬಾವಿಯ ಗಡಸು ನೀರಾದರೆ ಒಳಗೆ ಸುಣ್ಣದ ಪದರು ಕಟ್ಟಿ ದಾರಿಯೇ ಕಿರಿದಾಗುತ್ತದೆ. ಹೀಗಿರುವಲ್ಲಿ, ಸುರುಳಿಯಿಂದ ಬಿಚ್ಚಿಕೊಂಡು ಟ್ಯಾಂಕಿಯಿಂದ ನಳದವರೆಗೆ ಒಂದೇ ತುಂಡಾಗಿ ಸಾಗುವ ಪ್ಲಾಸ್ಟಿಕ್ ಕೊಳವೆ ಯಾರನ್ನಾದರೂ ಆಕರ್ಷಿಸದೆ ಇರದು. ಆದರೆ ಬಾಗುವ ಕೊಳವೆಗಳೆಲ್ಲವೂ ಒಂದೇ ಜಾತಿಯವಲ್ಲ. ಯಾವುದು ಏತಕ್ಕಾಗಿ ಬಾಗುತ್ತದೆ ಎಂಬುದನ್ನು ಅರಿತರೆ, ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದೂ ತಿಳಿದೀತು.

ಎಲ್ಲರೂ ಕಂಡಿರುವ ತೋಟದ ಪೈಪಿನಿಂದಲೇ ಆರಂಭಿಸೋಣ. ಇದು ಪಿ.ವಿ.ಸಿ.ಯಿಂದ ಮಾಡಿದ್ದು. ಪಿ.ವಿ.ಸಿ. ಸ್ವಭಾವತಃ ಗಡುಸಾದ ವಸ್ತು. ಒಳಚರಂಡಿಗೆ ಹಾಕುವ ಬಿರುಸಾದ ಕೊಳವೆಯೂ ಅದೇ. ಅದರ ಅಣುಸರಪಳಿಗಳ ನಡುವೆ ಎಣ್ಣೆಯಂತಹ ಮೃದುಕಾರಕ ದ್ರವ್ಯವನ್ನು ಸೇರಿಸಿದಾಗ ಸರಪಳಿಗಳು ಒಂದರ ಮೇಲೊಂದು ಜಾರಿ, ಕೊಳವೆ ಬಾಗುತ್ತದೆ. ಅಂದರೆ ಈ ಮಾರ್ದವ ಎರವಲಿನದು. ಬಿಸಿಲಿಗೂ ಕಾಲಕ್ಕೂ ಸಿಕ್ಕಿ ಮೃದುಕಾರಕವು ಹೊರಬರುತ್ತದೆ. ಕೊಳವೆ ಬಿರುಸಾಗಿ ಸೀಳುತ್ತದೆ. ಹೊರಬಂದ ದ್ರವ್ಯದ ಒಂದಂಶ ನೀರಿಗೆ ಸೇರುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಬಾಡಿಗೆ ಮನೆಗಳಲ್ಲಿ ಟ್ಯಾಂಕಿಯಿಂದ ಅಡುಗೆಮನೆಗೆ ಇಂಥ ಪೈಪನ್ನೇ ಎಳೆದು ತಂತಿ ಸುತ್ತಿರುವುದನ್ನು ಅನೇಕ ಕಡೆ ಕಾಣುತ್ತೇವೆ. ಗಿಡಗಳಿಗೆ ನೀರುಣಿಸಲು ಅದು ಸೊಗಸಾದ ಸಾಧನ. ಕುಡಿಯುವ ನೀರಿಗೆ ಅದು ಸಲ್ಲದು.

ಎರಡನೆಯದು ಪಾಲಿಥೀನ್ ಕೊಳವೆ. 1933ರಲ್ಲಿ ಇಂಗ್ಲೆಂಡಿನ ಐ.ಸಿ.ಐ. ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಎಂಬ ರಸಾಯನಶಾಸ್ತ್ರಜ್ಞರು ಎಥಿಲೀನ್ ಅನಿಲವನ್ನು ಅಪಾರ ಒತ್ತಡಕ್ಕೆ ಒಳಪಡಿಸಿದಾಗ, ಪಾತ್ರೆಯಲ್ಲಿ ಮೇಣದಂತಹ ಬಿಳಿಯ ಪದಾರ್ಥವೊಂದು ಅನಿರೀಕ್ಷಿತವಾಗಿ ಉಳಿಯಿತು. 1953ರಲ್ಲಿ ಜರ್ಮನಿಯ ಕಾರ್ಲ್ ಸೀಗ್ಲರ್ ಕಡಿಮೆ ಒತ್ತಡದಲ್ಲಿಯೇ ಇನ್ನಷ್ಟು ಸಾಂದ್ರವಾದ ಪಾಲಿಥೀನನ್ನು ಪಡೆಯುವ ಮಾರ್ಗವನ್ನು ಕಂಡುಹಿಡಿದನು. 1963ರಲ್ಲಿ ಇಟಲಿಯ ಜೂಲಿಯೊ ನಟ್ಟಾನೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡನು. ಈ ಸಾಂದ್ರ ಪಾಲಿಥೀನಿನ ಕಪ್ಪು ಕೊಳವೆಗಳೇ ಇಂದು ನಮ್ಮ ಅನೇಕ ಗ್ರಾಮಗಳ ಬೀದಿಗಳಲ್ಲಿ ಹೂಳಲ್ಪಟ್ಟಿವೆ. ಇದರ ಮಾರ್ದವ ಎರವಲಿನದಲ್ಲ. ಸರಪಳಿಯ ಗುಣವೇ ಅದು. ಆದ್ದರಿಂದ ಅದು ಸೋರಿಹೋಗುವ ಪ್ರಶ್ನೆಯಿಲ್ಲ.

ಆದರೆ ಇದಕ್ಕೂ ಒಂದು ದೌರ್ಬಲ್ಯವುಂಟು. ಸತತವಾಗಿ ಬಲ ಬೀಳುತ್ತಿದ್ದರೆ ಇದು ಒಮ್ಮೆಗೇ ಒಡೆಯದೆ, ವರ್ಷಾನುಗಟ್ಟಲೆ ಮೆಲ್ಲಮೆಲ್ಲನೆ ಹಿಗ್ಗುತ್ತ ಹೋಗುತ್ತದೆ. ಅದಕ್ಕಾಗಿಯೇ ಇದರ ಬಲವನ್ನು ಕಾಲದೊಡನೆ ಸೇರಿಸಿ ಹೇಳುವುದು ರೂಢಿ. ಕೊಳವೆಯ ಮೇಲೆ ಪಿ.ಇ. 100 ಎಂದು ಮುದ್ರಿಸಿದ್ದರೆ, 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರು ತುಂಬಿದ್ದು, ಗೋಡೆಯಲ್ಲಿ 10 ಮೆಗಾಪಾಸ್ಕಲ್ ಸೆಳೆತವಿದ್ದರೂ ಅದು 50 ವರ್ಷ ತಾಳಬೇಕು ಎಂದರ್ಥ. ಉಷ್ಣತೆ ಏರಿದಂತೆ ಈ ಶಕ್ತಿ ಶೀಘ್ರವಾಗಿ ಕುಗ್ಗುತ್ತದೆ. ತಣ್ಣೀರಿಗೆ ಇದು ಯೋಗ್ಯ. ಬಚ್ಚಲುಮನೆಯ ಬಿಸಿನೀರಿಗೆ ಅಲ್ಲ.

ಈ ಕೊರತೆಯನ್ನು ನೀಗಿಸಲು ಹುಟ್ಟಿದ್ದು ಪೆಕ್ಸ್ ಎಂದು ಕರೆಯುವ ಅಡ್ಡಬಂಧಿತ ಪಾಲಿಥೀನ್. ಸಾಮಾನ್ಯ ಪಾಲಿಥೀನಿನ ಸರಪಳಿಗಳು ಬಿಡಿಬಿಡಿಯಾಗಿರುತ್ತವೆ. ಅವುಗಳ ನಡುವೆ ಅಲ್ಲಲ್ಲಿ ಅಡ್ಡ ಬೆಸುಗೆ ಹಾಕಿದರೆ, ನೂಲಿನ ಎಳೆಗಳು ಬಲೆಯಾಗುವಂತೆ, ಇಡೀ ಕೊಳವೆ ಒಂದೇ ಜಾಲವಾಗುತ್ತದೆ. 1960ರ ದಶಕದ ಕೊನೆಯಲ್ಲಿ ಜರ್ಮನಿಯ ಥಾಮಸ್ ಎಂಗೆಲ್ ಪೆರಾಕ್ಸೈಡಿನ ನೆರವಿನಿಂದ ಇದನ್ನು ಸಾಧಿಸಿದನು. ಸಿಲೇನ್ ಎಂಬ ದ್ರವ್ಯದಿಂದಲೂ, ಎಲೆಕ್ಟ್ರಾನ್ ಕಿರಣಗಳಿಂದಲೂ ಅಡ್ಡಬಂಧ ಕಟ್ಟುವ ಕ್ರಮಗಳು ಉಂಟು. ಜಾಲವಾದ ಮೇಲೆ ಇದು ಕರಗುವುದಿಲ್ಲ, ಮೆತ್ತಗಾಗುತ್ತದೆ ಅಷ್ಟೆ. 82 ಡಿಗ್ರಿಯ ನೀರನ್ನು ಸುಮಾರು 7 ಬಾರ್ ಒತ್ತಡದಲ್ಲಿ ತಾಳುವಂತೆ ಅಮೆರಿಕದ ಮಾನದಂಡ ಇದಕ್ಕೆ ಶಕ್ತಿಯನ್ನು ಗೊತ್ತುಪಡಿಸಿದೆ. ಇನ್ನೊಂದು ಸೋಜಿಗವೆಂದರೆ, ಬಾಗಿಸುವಾಗ ಮುರುಟಿದ ಜಾಗಕ್ಕೆ, ಅದರಲ್ಲೂ ಪೆರಾಕ್ಸೈಡ್ ಕ್ರಮದ ಕೊಳವೆಯಾದರೆ, ಬಿಸಿಗಾಳಿ ಹಾಯಿಸಿದೊಡನೆ ಅದು ತನ್ನ ಮೊದಲಿನ ಆಕಾರವನ್ನು ನೆನಪಿಸಿಕೊಂಡಂತೆ ನೆಟ್ಟಗಾಗುತ್ತದೆ. ಕರಗದಿರುವುದರಿಂದ ಹಳೆಯ ತುಂಡುಗಳನ್ನು ಎರಕ ಹೊಯ್ದು ಮರುಬಳಸಲು ಬಾರದು ಎಂಬುದು ಅದೇ ಗುಣದ ಇನ್ನೊಂದು ಮುಖ.

ಇಲ್ಲಿ ಅಮೆರಿಕದ ಒಂದು ಪ್ರಸಂಗವನ್ನು ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ. 1978ರಿಂದ 1995ರವರೆಗೆ ಆ ದೇಶದ ಲಕ್ಷಾಂತರ ಮನೆಗಳಲ್ಲಿ ಪಾಲಿಬ್ಯುಟಿಲೀನ್ ಎಂಬ ಬೂದು ಬಣ್ಣದ ಬಾಗುವ ಕೊಳವೆಯನ್ನು ಹಾಕಿದರು. ಅಗ್ಗ, ಹಗುರ, ಬಿಸಿಗೂ ಜಗ್ಗದು. ಪರೀಕ್ಷೆಗಳಲ್ಲಿ ಉತ್ತೀರ್ಣವಾದ ವಸ್ತುವೇ ಅದು. ಆದರೆ ಊರಿನ ನೀರಿಗೆ ಕ್ರಿಮಿನಾಶಕವಾಗಿ ಬೆರೆಸುವ ಕ್ಲೋರಿನ್, ಕೊಳವೆಯ ಒಳಮೈಯನ್ನೂ, ಅದರ ಕೀಲುಗಳಲ್ಲಿದ್ದ ಅಸಿಟಾಲ್ ಪ್ಲಾಸ್ಟಿಕ್ಕನ್ನೂ ವರ್ಷಗಳ ಕಾಲ ಸದ್ದಿಲ್ಲದೆ ತಿಂದಿತು. ಹೊರಗಿನಿಂದ ಹೊಸದರಂತೆ ಕಾಣುತ್ತಿದ್ದ ಕೊಳವೆ ಗೋಡೆಯೊಳಗೇ ಬಿರಿಯತೊಡಗಿತು. 1995ರಲ್ಲಿ ನ್ಯಾಯಾಲಯದ ಮುಂದೆ ಆದ ಒಪ್ಪಂದದಂತೆ ತಯಾರಕರು ಕನಿಷ್ಠ 95 ಕೋಟಿ ಡಾಲರುಗಳನ್ನು ಪರಿಹಾರಕ್ಕಾಗಿ ತೆಗೆದಿರಿಸಬೇಕಾಯಿತು. ಪೆಕ್ಸ್ ಕೊಳವೆಗೆ ಆಕ್ಸಿಡೀಕರಣ ತಡೆಯುವ ದ್ರವ್ಯಗಳನ್ನು ಸೇರಿಸುವುದೂ, ಬಿಸಿಯಾದ ಕ್ಲೋರಿನ್ ನೀರಿನಲ್ಲಿ ಅದನ್ನು ದೀರ್ಘಕಾಲ ಪರೀಕ್ಷಿಸುವುದೂ ಈ ಕಾರಣದಿಂದಲೇ ಮುಖ್ಯವೆನಿಸಿವೆ. ಗೋಡೆಯೊಳಗೆ ಹುದುಗಿಸುವ ಯಾವ ವಸ್ತುವಿಗೂ ಅದರ ಮೇಲಿನ ಮಾನದಂಡದ ಮುದ್ರೆಯನ್ನು ಓದದೆ ಹಣ ಕೊಡಬಾರದೆಂಬುದು ನನ್ನ ಅಭಿಪ್ರಾಯ.

ಇನ್ನು ನಮ್ಮ ಮನೆಗಳ ಮಾತು. ಪರದೇಶಗಳಲ್ಲಿ ಬೀದಿಯ ಕೊಳವೆಯಿಂದಲೇ 3ರಿಂದ 4 ಬಾರ್ ಒತ್ತಡದಲ್ಲಿ ನೀರು ಮನೆಯೊಳಗೆ ಬರುವುದು ಸಾಮಾನ್ಯ. ನಮ್ಮಲ್ಲಿ ಹೆಚ್ಚಾಗಿ ಮಾಳಿಗೆಯ ಮೇಲಿನ ಟ್ಯಾಂಕಿಯಿಂದ ಇಳಿಯಬೇಕು. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಎಂಬ ಲೆಕ್ಕದಂತೆ, ನೀರಿನ ಮಟ್ಟ ನಳಕ್ಕಿಂತ 4 ಮೀಟರ್ ಮೇಲಿದ್ದರೆ ದೊರೆಯುವುದು 0.4 ಬಾರ್ ಮಾತ್ರ. ಕೊಳವೆ ಒಡೆಯುವ ಭಯ ಇಲ್ಲಿಲ್ಲ. ನೀರು ಸಾಕಷ್ಟು ಬರುವುದೇ ಎಂಬುದು ಚಿಂತೆ. ಕಬ್ಬಿಣದ ಕೊಳವೆಯನ್ನು ಸರಿಸುಮಾರು ಒಳವ್ಯಾಸದಿಂದ ಹೆಸರಿಸುತ್ತಾರೆ, ಬಾಗುವ ಕೊಳವೆಯನ್ನು ಹೊರವ್ಯಾಸದಿಂದ. ಅಂಗಡಿಯಲ್ಲಿ 16 ಮಿ.ಮೀ. ಎಂದು ಕೊಂಡ ಪೆಕ್ಸ್ ಕೊಳವೆಯ ಗೋಡೆ 2 ಮಿ.ಮೀ. ದಪ್ಪವಿದ್ದರೆ ಒಳದಾರಿ 12 ಮಿ.ಮೀ. ಮಾತ್ರ. ಅರ್ಧ ಇಂಚಿನ ಕಬ್ಬಿಣದ ಕೊಳವೆಯ ಒಳದಾರಿಯೋ ಸುಮಾರು 16 ಮಿ.ಮೀ. ಒಂದೇ ಪ್ರಮಾಣದ ನೀರು ಹರಿಯುವಾಗ ಘರ್ಷಣೆಯ ನಷ್ಟವು ಒಳವ್ಯಾಸದ ಐದನೆಯ ಘಾತಕ್ಕೆ ಸರಿಸುಮಾರು ವಿಲೋಮವಾಗಿರುತ್ತದೆ. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು: ಹದಿನಾರನ್ನು ಹನ್ನೆರಡರಿಂದ ಭಾಗಿಸಿ, ಬಂದದ್ದನ್ನು ಐದನೆಯ ಘಾತಕ್ಕೇರಿಸಿದರೆ ನಷ್ಟ 4 ಪಟ್ಟಿಗೂ ಮಿಗಿಲು. ಕೀಲುಗಳು ಕೊಳವೆಯ ಒಳಗೆ ತೂರುವ ಬಗೆಯವಾದರೆ ದಾರಿ ಇನ್ನೂ ಕಿರಿದು. ಆದುದರಿಂದ ಟ್ಯಾಂಕಿಯ ನೀರಿಗೆ 20 ಮಿ.ಮೀ.ಗಿಂತ ಕಡಿಮೆಯದನ್ನು ಬಳಸದಿರುವುದು ಲೇಸು.

ಬಾಗುವ ಕೊಳವೆಯ ನಿಜವಾದ ಲಾಭ ದೊರೆಯುವುದು ಅದನ್ನು ಹಾಕುವ ಕ್ರಮದಲ್ಲಿ. ಟ್ಯಾಂಕಿಯಿಂದ ಬಂದ ದಪ್ಪ ಕೊಳವೆಯನ್ನು ಒಂದು ವಿತರಣಾ ಪೆಟ್ಟಿಗೆಗೆ ತಂದು, ಅಲ್ಲಿಂದ ಪ್ರತಿಯೊಂದು ನಳಕ್ಕೂ ಅಖಂಡವಾದ ಬೇರೆ ಬೇರೆ ಕೊಳವೆಯನ್ನು ಒಯ್ದರೆ ಗೋಡೆಯೊಳಗೆ ಒಂದು ಕೀಲೂ ಉಳಿಯುವುದಿಲ್ಲ. ತಿರುವುಗಳ ತ್ರಿಜ್ಯ ಹೊರವ್ಯಾಸದ 8 ಪಟ್ಟಿಗಿಂತ ಕಡಿಮೆಯಾಗಬಾರದು. ಅಂದರೆ 20 ಮಿ.ಮೀ. ಕೊಳವೆಗೆ 16 ಸೆಂ.ಮೀ. ಬಿಸಿನೀರಿನ ಕೊಳವೆಯನ್ನು ಎಳೆದು ಬಿಗಿಯಲೂ ಕೂಡದು. 10 ಮೀಟರ್ ಉದ್ದದ ಪೆಕ್ಸ್ 40 ಡಿಗ್ರಿ ಕಾದಾಗ ಸುಮಾರು 6 ಸೆಂ.ಮೀ. ಬೆಳೆಯುತ್ತದೆ, ಕಬ್ಬಿಣ ಬೆಳೆಯುವುದು ಅರ್ಧ ಸೆಂ.ಮೀ. ಮಾತ್ರ. ಸೌರ ಜಲತಾಪಕದಿಂದ ಹೊರಡುವ ಮೊದಲ ಒಂದೆರಡು ಮೀಟರ್ ಲೋಹದ್ದಾಗಿರಲಿ, ಏಕೆಂದರೆ ಬೇಸಿಗೆಯಲ್ಲಿ ಅಲ್ಲಿನ ನೀರು 80 ಡಿಗ್ರಿಯನ್ನು ಮೀರಬಹುದು. ಪೆಕ್ಸ್ ಬಿಸಿಲಿಗೆ ಬಾಳದು. ಮಾಳಿಗೆಯ ಮೇಲೆ ಹಾಯುವ ಭಾಗವನ್ನು ಮುಚ್ಚಲೇಬೇಕು. ಕಪ್ಪು ಪಾಲಿಥೀನಿಗೆ ಶೇಕಡಾ 2ರಿಂದ 3ರಷ್ಟು ಇಂಗಾಲದ ಮಸಿ ಬೆರೆಸಿರುವುದರಿಂದ ಅದು ಬಿಸಿಲನ್ನು ತಾಳುತ್ತದೆ. ಇಲಿಗಳಿಗೆ ಮಾತ್ರ ಈ ಭೇದವಿಲ್ಲ, ಎರಡನ್ನೂ ಕಡಿಯುತ್ತವೆ.

ಗಿಲಾವು ಮಾಡುವ ಮುನ್ನ ಕೊಳವೆಗಳಿಗೆ ನೀರು ತುಂಬಿ, ಕೈಪಂಪಿನಿಂದ ಒತ್ತಡವೇರಿಸಿ ಪರೀಕ್ಷಿಸಬೇಕು. ಮೊದಲ ಸಲ ಮಾಪಕದ ಮುಳ್ಳು ತುಸು ಇಳಿದರೆ ಗಾಬರಿಪಡಬೇಕಾಗಿಲ್ಲ. ಅದು ಸೋರಿಕೆಯೇ ಆಗಿರಬೇಕೆಂದಿಲ್ಲ, ಒತ್ತಡಕ್ಕೆ ಪ್ಲಾಸ್ಟಿಕ್ ಹಿಗ್ಗಿರುವುದೂ ಆಗಿರಬಹುದು. ಅರ್ಧ ಗಂಟೆಯ ಅನಂತರ ಒತ್ತಡವನ್ನು ಮತ್ತೆ ಮೊದಲಿನ ಮಟ್ಟಕ್ಕೆ ಏರಿಸಿ ಕಾಯಬೇಕು. ಆಗಲೂ ಮುಳ್ಳು ಇಳಿಯುತ್ತಲೇ ಹೋದರೆ ಪೆಟ್ಟಿಗೆಯ ಕೀಲುಗಳನ್ನು ಒಂದೊಂದಾಗಿ ಒರೆಸಿ ನೋಡಬೇಕು.